ನಮ್ಮ ನಂಬರ್ ತೋರಿಸಿ ಯಾರೋ ಮಾಡುತ್ತಿರುವ ಕರೆಗಳು: ಎಲ್ಲರೂ ಸೇರಿ ಏನು ಮಾಡೋಣ?

22ನೇ ಮನೆ, ಸೋಮವಾರ ಬೆಳಿಗ್ಗೆ

ಬಡಾವಣೆಯ ಗುಂಪಿನ ಎಲ್ಲರಿಗೂ ನಮಸ್ಕಾರ. ಹೋದ ವಾರದಿಂದ ನಿಮ್ಮಲ್ಲಿ ಹಲವರ ಮನೆ ಫೋನಿಗೆ ನಮ್ಮ ಲ್ಯಾಂಡ್‌ಲೈನ್ ನಂಬರಿನಿಂದ ಕರೆ ಬರುತ್ತಿದೆ, ಅಲ್ವಾ? ಆ ಕರೆ ನಾವು ಮಾಡಿದ್ದಲ್ಲ. ಶನಿವಾರ ಒಂದೇ ದಿನ 11 ಜನ ನಮಗೆ ವಾಪಸ್ ಫೋನ್ ಮಾಡಿದರು. ಮೂವರು ಬೈದರು. ಫೋನ್ ಎತ್ತಿದ್ದು ನಮ್ಮ ಅಮ್ಮ. ಅವರಿಗೆ 78 ವರ್ಷ. ಈಗ ಫೋನ್ ರಿಂಗ್ ಆದರೆ ಹೆದರುತ್ತಾರೆ.

ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದರೆ ನಾಳೆ ಇನ್ನೊಬ್ಬರ ನಂಬರಿಗೂ ಇದೇ ಆಗಬಹುದು. ಒಟ್ಟಿಗೆ ಏನಾದರೂ ಮಾಡಲೇಬೇಕು.

7ನೇ ಮನೆ

ಬೈದವರಲ್ಲಿ ನಾನೂ ಒಬ್ಬ, ಮೇಡಂ. ತುಂಬಾ ಬೇಜಾರಾಯಿತು. ಸಂಜೆ ಬಂದು ಅಮ್ಮನವರ ಹತ್ತಿರ ಕ್ಷಮೆ ಕೇಳುತ್ತೇನೆ. ನಮ್ಮ ಬಡಾವಣೆಯದ್ದೇ ನಂಬರ್ ಅಂತ ಎತ್ತಿದೆ. ‘ನಿಮ್ಮ ಖಾತೆ ನಿಂತುಹೋಗುತ್ತದೆ, 1 ಒತ್ತಿ’ ಅಂತ ರೆಕಾರ್ಡ್ ಮಾಡಿದ ಧ್ವನಿ. ನಿಮ್ಮ ಲೈನಿಗೆ ಯಾರಾದರೂ ತಂತಿ ಸೇರಿಸಿದ್ದಾರಾ?

31ನೇ ಮನೆ

ತಂತಿ ಮುಟ್ಟುವ ಅಗತ್ಯವೇ ಇಲ್ಲ ಸರ್. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಗೊತ್ತಿರುವಷ್ಟು ಹೇಳುತ್ತೇನೆ. ಲಕೋಟೆಯ ಮೇಲೆ ‘ಇವರಿಂದ’ ಅಂತ ಬರೆಯುತ್ತೇವಲ್ಲ, ಅಲ್ಲಿ ಯಾರ ಹೆಸರು ಬೇಕಾದರೂ ಬರೆಯಬಹುದು. ಅಂಚೆಯವರು ನೋಡುವುದು ‘ಇವರಿಗೆ’ ಅನ್ನುವುದನ್ನು ಮಾತ್ರ. ಫೋನ್ ಕರೆಯೂ ಹಾಗೇ. ತಲುಪಬೇಕಾದ ನಂಬರ್ ಸರಿ ಇದ್ದರೆ ಕರೆ ತಲುಪುತ್ತದೆ. ಮಾಡಿದವರ ನಂಬರ್ ಅನ್ನುವುದು ಜೊತೆಗೆ ಬರುವ ಒಂದು ಚೀಟಿ ಅಷ್ಟೇ.

ಎಕ್ಸ್‌ಚೇಂಜುಗಳು ತಮ್ಮೊಳಗೆ ಮಾತಾಡುವ ಎಸ್‌ಎಸ್7 ಎಂಬ ಪದ್ಧತಿ ರೂಪುಗೊಂಡಿದ್ದು 1970ರ ದಶಕದಲ್ಲಿ. ಆಗ ಇದ್ದ ಫೋನ್ ಕಂಪನಿಗಳೇ ಕೆಲವು. ಒಬ್ಬರು ಕಳಿಸಿದ ಚೀಟಿಯನ್ನು ಇನ್ನೊಬ್ಬರು ಪ್ರಶ್ನೆ ಮಾಡದೆ ನಂಬುತ್ತಿದ್ದರು. ಆಮೇಲೆ ಇಂಟರ್ನೆಟ್ ಮೂಲಕ ಕರೆ ಮಾಡುವುದು ಬಂತು. ಆ ಚೀಟಿಯಲ್ಲಿ ಏನು ಇರಬೇಕು ಅನ್ನುವುದನ್ನು ಕರೆ ಮಾಡುವ ಸಾಫ್ಟ್‌ವೇರೇ ತುಂಬುತ್ತದೆ. ಕಳ್ಳರು ನಮ್ಮ ನಂಬರಿನ ಮೊದಲ ಅಂಕಿಗಳನ್ನು ಹಾಗೇ ಇಟ್ಟು, ಕೊನೆಯವನ್ನು ಬದಲಾಯಿಸುತ್ತಾ ಹೋಗುತ್ತಾರೆ. ಪಕ್ಕದ ಮನೆಯವರು ಅಂತ ಎತ್ತಲಿ ಅನ್ನುವ ಲೆಕ್ಕ. 22ನೇ ಮನೆಯವರ ನಂಬರ್ ಅದರಲ್ಲಿ ಸಿಕ್ಕಿಕೊಂಡಿದೆ, ಅಷ್ಟೇ. ಅವರ ತಪ್ಪು ಕಾಳಷ್ಟೂ ಇಲ್ಲ.

ಹಾಗಾದರೆ ತೋರಿಸುವ ನಂಬರ್ ಬದಲಾಯಿಸುವುದನ್ನು ಪೂರ್ತಿ ನಿಲ್ಲಿಸಬಾರದಾ ಅಂತ ಕೇಳಬಹುದು. ಆಸ್ಪತ್ರೆಯಲ್ಲಿ ನೂರು ಲೈನ್ ಇದ್ದರೂ ಹೊರಗೆ ಒಂದೇ ಮುಖ್ಯ ನಂಬರ್ ಕಾಣುತ್ತದೆ. ಅದು ನ್ಯಾಯವಾದದ್ದೇ. ಕಷ್ಟ ಇರುವುದು ಅಲ್ಲೇ.

14ನೇ ಮನೆ

ನಾನು ಬಂದ ನಂಬರನ್ನೆಲ್ಲ ಬ್ಲಾಕ್ ಮಾಡುತ್ತಿದ್ದೇನೆ. ಈಗಾಗಲೇ 60 ದಾಟಿದೆ. ಎಲ್ಲರೂ ಹಾಗೇ ಮಾಡಿದರೆ ಸಾಕಲ್ವಾ?

31ನೇ ಮನೆ

ಸರ್, ಆ 60ರಲ್ಲಿ 22ನೇ ಮನೆಯೂ ಇರಬೇಕು, ಒಮ್ಮೆ ನೋಡಿ. ರಾತ್ರಿ ಅಮ್ಮನವರಿಗೆ ಹುಷಾರಿಲ್ಲ ಅಂತ ಅವರು ಫೋನ್ ಮಾಡಿದರೆ ನಿಮಗೆ ಬರುವುದಿಲ್ಲ. ಕಳ್ಳ ಮಾತ್ರ ನಾಳೆ ಬೇರೆ ನಂಬರ್ ತೋರಿಸುತ್ತಾನೆ.

14ನೇ ಮನೆ

ಇತ್ತು. ಈಗಲೇ ತೆಗೆದೆ.

18ನೇ ಮನೆ

ಚೀಟಿಗೆ ಮುದ್ರೆ ಹಾಕುವ ವ್ಯವಸ್ಥೆ ಬಂದಿದೆ. ಸ್ಟಿರ್ ಶೇಕನ್ ಅಂತಾರೆ. ಕರೆ ಹೊರಡುವ ಕಡೆಯ ಕಂಪನಿ ‘ಈ ಗಿರಾಕಿಗೆ ಈ ನಂಬರ್ ಬಳಸುವ ಹಕ್ಕಿದೆ’ ಅಂತ ಡಿಜಿಟಲ್ ಸಹಿ ಹಾಕುತ್ತದೆ. ತಲುಪುವ ಕಡೆಯವರು ಅದನ್ನು ಪರೀಕ್ಷಿಸುತ್ತಾರೆ. ಅಮೆರಿಕದಲ್ಲಿ ದೊಡ್ಡ ಕಂಪನಿಗಳಿಗೆ 2021ರ ಜೂನ್ 30ರಿಂದ, ಕೆನಡಾದಲ್ಲಿ ಅದೇ ವರ್ಷ ನವೆಂಬರ್ 30ರಿಂದ ಇದು ಕಡ್ಡಾಯ. ಆದರೆ ಈ ಸಹಿ ಇಂಟರ್ನೆಟ್ ಮಾದರಿಯ ಜಾಲದಲ್ಲಿ ಮಾತ್ರ ಸಾಗುತ್ತದೆ. ದಾರಿಯಲ್ಲಿ ಹಳೇ ಎಕ್ಸ್‌ಚೇಂಜ್ ಸಿಕ್ಕರೆ ಅಲ್ಲೇ ಉದುರಿಹೋಗುತ್ತದೆ. ತಾಮ್ರದ ತಂತಿಯ ಮನೆ ಫೋನಿಗೆ ಇದರ ಪ್ರಯೋಜನ ಕಡಿಮೆ. ಸಹಿ ಇದ್ದರೆ ನಂಬರ್ ನಿಜ ಅಂತ ಮಾತ್ರ ಅರ್ಥ. ಮಾತಾಡುವವನು ಒಳ್ಳೆಯವನು ಅಂತಲ್ಲ.

5ನೇ ಮನೆ

ನಾವು ಗೋಡೆಯ ಸಾಕೆಟ್ಟಿಗೂ ಫೋನಿಗೂ ಮಧ್ಯೆ ಹಾಕುವ ಚಿಕ್ಕ ಡಬ್ಬಿ ತಂದಿದ್ದೇವೆ. ಮೊದಲು ‘ಇವರನ್ನು ಬಿಡಬೇಡ’ ಅನ್ನುವ ಪಟ್ಟಿ ಮಾಡಿದೆವು. ಏನೂ ಉಪಯೋಗ ಆಗಲಿಲ್ಲ. ಆಮೇಲೆ ತಿರುಗಿಸಿದೆವು: ‘ಇವರನ್ನು ಮಾತ್ರ ನೇರ ಬಿಡು’. ಉಳಿದವರಿಗೆ ‘ಹೆಸರು ಹೇಳಿ, 5 ಒತ್ತಿ’ ಅಂತ ಕೇಳಿಸುತ್ತದೆ. ಮನುಷ್ಯರು ಒತ್ತುತ್ತಾರೆ. ರೆಕಾರ್ಡ್ ಧ್ವನಿಯ ಕರೆಗಳು ಹೆಚ್ಚಾಗಿ ಅಲ್ಲೇ ನಿಲ್ಲುತ್ತವೆ. ಕೆಲವು ಕಾರ್ಡ್‌ಲೆಸ್ ಫೋನುಗಳಲ್ಲೂ ಈ ಸೌಲಭ್ಯ ಇದೆ.

ಎರಡು ಮಾತು. ಲೈನಿಗೆ ಕಾಲರ್ ಐಡಿ, ಅಂದರೆ ಕರೆ ಮಾಡಿದವರ ನಂಬರ್ ತೋರಿಸುವ ಸೇವೆ, ಇಲ್ಲದಿದ್ದರೆ ಡಬ್ಬಿಗೆ ಏನೂ ಗೊತ್ತಾಗುವುದಿಲ್ಲ, ಮೊದಲು ಅದನ್ನು ಕೇಳಿ ಹಾಕಿಸಿ. ಇನ್ನು ನಮ್ಮ ಲೈನಿನಲ್ಲಿ ನಂಬರ್ ಬರುವುದು ಮೊದಲ ರಿಂಗ್ ಆದ ಮೇಲೆ. ಹಾಗಾಗಿ ಒಂದು ರಿಂಗ್ ಕೇಳಿಸಿಯೇ ಕೇಳಿಸುತ್ತದೆ.

40ನೇ ಮನೆ

ನಾನು ಒಬ್ಬಳೇ ಇರುವುದು. ಮಗ ಬೇರೆ ಬೇರೆ ಊರಿನಿಂದ ಫೋನ್ ಮಾಡುತ್ತಾನೆ, ನಂಬರ್ ಒಂದೇ ಇರಲ್ಲ. ಆಸ್ಪತ್ರೆಯಿಂದಲೂ ಕರೆ ಬರುತ್ತದೆ. ಡಬ್ಬಿ ಹಾಕಿ ಅವರ ಕರೆಯೇ ತಪ್ಪಿಹೋದರೆ?

5ನೇ ಮನೆ

ಅಜ್ಜಿ, ಪೂರ್ತಿ ತಡೆಯುವುದು ಬೇಡ, ಹೆಸರು ಕೇಳುವ ವಿಧಾನವೇ ಇಟ್ಟುಕೊಳ್ಳಿ. ನಾನೇ ಬಂದು ಜೋಡಿಸಿಕೊಡುತ್ತೇನೆ. ನಿಮ್ಮ ಮಗನಿಗೂ 5 ಒತ್ತಲು ಹೇಳೋಣ. ನೀವಿಬ್ಬರೂ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ದುಡ್ಡಿನ ಮಾತು ಬಂದರೆ ಮೊದಲು ಅದನ್ನು ಕೇಳಿ.

31ನೇ ಮನೆ

ಅಜ್ಜಿ, ಲ್ಯಾಂಡ್‌ಲೈನಿನಲ್ಲಿ ಇನ್ನೊಂದು ಮೋಸ ಇದೆ, ಇದನ್ನು ಎಲ್ಲರೂ ಓದಿ. ‘ನಂಬಿಕೆ ಇಲ್ಲದಿದ್ದರೆ ಫೋನ್ ಇಟ್ಟು ನಿಮ್ಮ ಬ್ಯಾಂಕಿಗೆ ನೀವೇ ಮಾಡಿ’ ಅಂತಾರೆ. ಹಳೆಯ ಕೆಲವು ಎಕ್ಸ್‌ಚೇಂಜುಗಳಲ್ಲಿ ನೀವು ಇಟ್ಟರೂ ಕರೆ ಮಾಡಿದವರು ಇಡದಿದ್ದರೆ ಲೈನ್ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ನೀವು ರಿಸೀವರ್ ಎತ್ತಿದಾಗ ಅವರೇ ಡಯಲ್ ಟೋನ್ ಕೇಳಿಸುತ್ತಾರೆ. ನೀವು ಬ್ಯಾಂಕಿನ ನಂಬರ್ ಒತ್ತುತ್ತೀರಿ, ಮಾತಾಡುವುದು ಅದೇ ಕಳ್ಳ. ಆದ್ದರಿಂದ ಬೇರೆ ಫೋನಿನಿಂದಲೇ ಮಾಡಿ. ಇಲ್ಲದಿದ್ದರೆ ಮೊದಲು ಪಕ್ಕದ ಮನೆಗೆ ಮಾಡಿ. ಗೊತ್ತಿರುವ ದನಿ ಕೇಳಿದರೆ ಲೈನ್ ಬಿಟ್ಟಿದೆ ಅಂತ ಅರ್ಥ.

9ನೇ ಮನೆ

ನನಗೆ ಒಂದೇ ರಿಂಗ್ ಕೊಟ್ಟು ಕಟ್ ಆಗುವ ಕರೆಗಳು ಜಾಸ್ತಿ. ವಾಪಸ್ ಮಾಡಲಾ?

18ನೇ ಮನೆ

ಮಾಡಲೇಬೇಡಿ. ಜಪಾನಿನಲ್ಲಿ ಇದಕ್ಕೆ ‘ವನ್‌ಗಿರಿ’ ಅಂತಲೇ ಹೆಸರಿದೆ, ಒಂದು ರಿಂಗ್ ಕೊಟ್ಟು ಇಡುವುದು ಅಂತ. ನೀವು ವಾಪಸ್ ಮಾಡಿದರೆ ದುಬಾರಿ ವಿದೇಶಿ ಲೈನಿಗೆ ಹೋಗುತ್ತದೆ, ಆ ದುಡ್ಡಿನಲ್ಲಿ ಪಾಲು ಅವರಿಗೆ. ‘ಪಟ್ಟಿಯಿಂದ ತೆಗೆಯಲು 9 ಒತ್ತಿ’ ಅಂದರೂ ಒತ್ತಬೇಡಿ. ಎತ್ತುವವರಿದ್ದಾರೆ ಅಂತ ಅವರಿಗೆ ಖಾತ್ರಿಯಾಗುತ್ತದೆ.

22ನೇ ಮನೆ, ಸೋಮವಾರ ರಾತ್ರಿ

7ನೇ ಮನೆಯವರು ಬಂದಿದ್ದರು. ಅಮ್ಮ ಅರ್ಧ ಗಂಟೆ ಮಾತಾಡಿದರು. ಥ್ಯಾಂಕ್ಸ್ ಸರ್.

ನಮ್ಮ ಫೋನ್ ಕಂಪನಿಗೆ ನಾನು ಒಬ್ಬಳೇ ಎರಡು ಸಲ ದೂರು ಕೊಟ್ಟೆ. ‘ನಿಮ್ಮ ಲೈನಿನಿಂದ ಕರೆ ಹೋಗಿಲ್ಲ’ ಅಂತ ಮುಗಿಸಿಬಿಟ್ಟರು. ಅದು ನನಗೂ ಗೊತ್ತು! ಎಲ್ಲಿಂದ ಬಂತು ಅಂತ ಹುಡುಕಿ ಅಂದರೆ ಉತ್ತರ ಇಲ್ಲ.

31ನೇ ಮನೆ

ಹುಡುಕಲು ಆಗುತ್ತದೆ ಮೇಡಂ. ತೋರಿಸಿದ ನಂಬರನ್ನು ಹಿಡಿದು ಹೋದರೆ ನಿಮ್ಮ ಮನೆಗೇ ಬಂದು ನಿಲ್ಲುತ್ತಾರೆ. ಕರೆ ಬಂದ ಮನೆಯ ಕಡೆಯಿಂದ ಹಿಂದಕ್ಕೆ ಹೋಗಬೇಕು. ಇಷ್ಟು ಗಂಟೆಗೆ ಈ ಮನೆಗೆ ಬಂದ ಕರೆಯನ್ನು ನಮಗೆ ಕೊಟ್ಟಿದ್ದು ಯಾವ ಕಂಪನಿ, ಅವರಿಗೆ ಕೊಟ್ಟಿದ್ದು ಯಾರು, ಹೀಗೆ ಒಂದೊಂದೇ ಮೆಟ್ಟಿಲು. ಇದಕ್ಕೆ ಕರೆ ಬಂದ ಸಮಯ ಗಂಟೆ, ನಿಮಿಷದ ಸಮೇತ ಸರಿಯಾಗಿ ಗೊತ್ತಿರಬೇಕು. ಕಂಪನಿಗಳು ದಾಖಲೆಗಳನ್ನು ಶಾಶ್ವತವಾಗಿ ಇಡುವುದಿಲ್ಲ, ದೂರು ಬೇಗ ಕೊಡಬೇಕು.

ಇನ್ನೊಂದು ಬೇಡಿಕೆ ಸೇರಿಸೋಣ. ಮೊಬೈಲ್ ಆದರೆ ವಿದೇಶಕ್ಕೆ ಹೋಗಿರಬಹುದು. ಮನೆ ಫೋನ್ ಗೋಡೆ ಬಿಟ್ಟು ಎಲ್ಲಿಗೆ ಹೋಗುತ್ತದೆ? ವಿದೇಶದ ದಾರಿಯಿಂದ ಒಳಗೆ ಬರುವ ಕರೆಯಲ್ಲಿ ನಮ್ಮ ಮನೆಗಳ ನಂಬರ್ ಕಂಡರೆ ಅದು ಸುಳ್ಳೇ. ಅಂಥದ್ದನ್ನು ಬಾಗಿಲಲ್ಲೇ ನಿಲ್ಲಿಸಿ ಅಂತ ಬರೆಯೋಣ.

22ನೇ ಮನೆ

ಹಾಗಾದರೆ ಹೀಗೆ ಮಾಡೋಣ. ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ತಾರೀಖು, ಗಂಟೆ ನಿಮಿಷ, ತೋರಿಸಿದ ನಂಬರ್, ಏನು ಹೇಳಿದರು, ನಾಲ್ಕೇ ವಿಷಯ. ಗುಂಪಿನಲ್ಲಿ ಪೂರ್ತಿ ನಂಬರ್ ಹಾಕಬೇಡಿ, ಅದು ಇನ್ನೊಬ್ಬ ಅಮಾಯಕರದ್ದು. ಭಾನುವಾರ ಬೆಳಿಗ್ಗೆ 14ನೇ ಮನೆಯವರು ಎಲ್ಲರ ಪುಟಗಳನ್ನು ಒಟ್ಟು ಮಾಡುತ್ತಾರೆ. ಪತ್ರವನ್ನು 31ನೇ ಮನೆಯವರು ಬರೆಯುತ್ತಾರೆ. ಎಲ್ಲರ ಸಹಿಯೊಂದಿಗೆ ಸೋಮವಾರ ಕಂಪನಿಗೂ, ಒಂದು ಪ್ರತಿ ದೂರಸಂಪರ್ಕ ನಿಯಂತ್ರಕರಿಗೂ ಕೊಡೋಣ.

14ನೇ ಮನೆ

ಒಪ್ಪಿದೆ. ಫೋನ್ ಹತ್ತಿರದ ಗಡಿಯಾರವನ್ನು ಎಲ್ಲರೂ ಸರಿ ಮಾಡಿಕೊಳ್ಳಿ. ನಮ್ಮದು 6 ನಿಮಿಷ ಮುಂದಿತ್ತು.

40ನೇ ಮನೆ, ಮಂಗಳವಾರ

ಬೆಳಿಗ್ಗೆ 11 ಗಂಟೆ 42 ನಿಮಿಷ. ತೋರಿಸಿದ್ದು 22ನೇ ಮನೆಯ ನಂಬರ್. ಹೆಸರು ಹೇಳಲಿಲ್ಲ, 5 ಒತ್ತಲಿಲ್ಲ, ತಾನೇ ಕಟ್ ಆಯಿತು. ಬರೆದಿಟ್ಟಿದ್ದೇನೆ. 22ನೇ ಮನೆಯ ಅಮ್ಮನಿಗೆ ಹೇಳಿ, ಅವರು ಮಾಡುವುದಾದರೆ 5 ಒತ್ತಲಿ, ನಾನು ಎತ್ತುತ್ತೇನೆ.