ಬೆಂಕಿ ನಂದಿಸೋ ಸ್ಪ್ರಿಂಕ್ಲರ್ ಡಿಸೈನ್ ಸ್ವಂತವಾಗಿ ಮಾಡೋಕೆ ಎಷ್ಟು ಅನುಭವ ಬೇಕು?

ಪ್ರಶ್ನೆ, ಹೂಟಗಳ್ಳಿಯಿಂದ:
ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಮೈಸೂರಿನ ಒಂದು ಕಚೇರಿಯಲ್ಲಿ ಮೂರು ವರ್ಷದಿಂದ ಸ್ಪ್ರಿಂಕ್ಲರ್ ಡ್ರಾಯಿಂಗ್ ಮಾಡುತ್ತಿದ್ದೇನೆ. ಡ್ರಾಯಿಂಗ್ ಸಾಫ್ಟ್‌ವೇರ್ ಕ್ಯಾಡ್, ರೆವಿಟ್ ಎರಡೂ ಬರುತ್ತೆ. ಹೈಡ್ರಾಲಿಕ್ ಲೆಕ್ಕ (ಪೈಪಿನಲ್ಲಿ ನೀರಿನ ಹರಿವು, ಒತ್ತಡದ ಲೆಕ್ಕ) ಸಾಫ್ಟ್‌ವೇರ್‌ನಲ್ಲಿ ಹಾಕುತ್ತೇನೆ, ಆದರೆ ನೋಡಿ ಓಕೆ ಅನ್ನೋದು ನಮ್ಮ ಸೀನಿಯರ್. ಈಗ ಒಬ್ಬ ಕಂಟ್ರಾಕ್ಟರ್, ನಂಜನಗೂಡಿನ ಹತ್ತಿರ ಅಗರಬತ್ತಿ ಗೋದಾಮಿದೆ, ಪೂರ್ತಿ ಡಿಸೈನ್ ನೀವೇ ಮಾಡಿಕೊಡಿ ಅಂತಿದ್ದಾರೆ. ಒಪ್ಪಿಕೊಳ್ಳಬಹುದಾ?

ಉತ್ತರ, ಕುವೆಂಪುನಗರ:
ಡ್ರಾಯಿಂಗ್ ಕೆಲಸ ಧೈರ್ಯವಾಗಿ ತಗೊಳ್ಳಿ. ಪೂರ್ತಿ ಡಿಸೈನ್ ಈಗಲೇ ಬೇಡ. ವರ್ಷ ಎಣಿಸಿ ಹೇಳ್ತಿಲ್ಲ. ಸಾಫ್ಟ್‌ವೇರ್ ಕೊಟ್ಟ ಉತ್ತರ ತಪ್ಪಿದ್ದರೆ ನಿಮಗೆ ಗೊತ್ತಾಗುತ್ತಾ ಅನ್ನೋದು ಮುಖ್ಯ. ಒಂದು ಸ್ಪ್ರಿಂಕ್ಲರ್ 12 ಚದರ ಮೀಟರ್ ನೋಡಿಕೊಳ್ಳಬೇಕು, ನಿಮಿಷಕ್ಕೆ 5 ಮಿಲಿಮೀಟರ್ ನೀರು ಬೀಳಬೇಕು ಅಂದರೆ 60 ಲೀಟರ್ ಬೇಕು. ಕೆ ಫ್ಯಾಕ್ಟರ್, ಅಂದರೆ 1 ಬಾರ್ ಒತ್ತಡದಲ್ಲಿ ಸ್ಪ್ರಿಂಕ್ಲರ್‌ನಿಂದ ನಿಮಿಷಕ್ಕೆ ಬರೋ ಲೀಟರ್, 80 ಆದರೆ ಆ ಸ್ಪ್ರಿಂಕ್ಲರ್ ತಲೆಯಲ್ಲಿ ಸುಮಾರು 0.56 ಬಾರ್ ಒತ್ತಡ ಇರಬೇಕು. ಇಷ್ಟನ್ನು ಪೇಪರ್ ಮೇಲೆ ಹಾಕಿ ನೋಡೋ ಅಭ್ಯಾಸ ಇಲ್ಲದವರು ಸುಮ್ನೆ ರಿಪೋರ್ಟ್ ಪ್ರಿಂಟ್ ಮಾಡಿ ಕೊಟ್ಟುಬಿಡ್ತಾರೆ.

ಅದಕ್ಕಿಂತ ಕಷ್ಟದ್ದು ಗೋದಾಮಿನ ಅಪಾಯ ಯಾವ ದರ್ಜೆಯದು ಅಂತ ತೀರ್ಮಾನ ಮಾಡೋದು. ಅಗರಬತ್ತಿ ರಟ್ಟಿನ ಪೆಟ್ಟಿಗೆಯಲ್ಲಿದೆಯಾ, ಮೇಲೆ ಪ್ಲಾಸ್ಟಿಕ್ ಸುತ್ತಿದೆಯಾ, ರ‍್ಯಾಕ್ ಎಷ್ಟು ಎತ್ತರ, ಸುಗಂಧದ ಎಣ್ಣೆಯ ಡ್ರಮ್ಮೂ ಅಲ್ಲೇ ಇಟ್ಟಿದ್ದಾರಾ, ಇವೆಲ್ಲ ತಿಳಿಯದೆ ನಾನು ಮೇಲೆ ಹೇಳಿದ 5 ಮಿಲಿಮೀಟರ್ ಹಾಕಿದರೆ ಪೈಪು, ಪಂಪು, ಟ್ಯಾಂಕು ಮೂರೂ ಸಾಲದೆ ಹೋಗಬಹುದು. ಐಎಸ್ 15105 (ಸ್ಪ್ರಿಂಕ್ಲರ್‌ಗೆ ಭಾರತದ ಮಾನದಂಡ), ಎನ್‌ಬಿಸಿ (ರಾಷ್ಟ್ರೀಯ ಕಟ್ಟಡ ಸಂಹಿತೆ) 2016ರ ನಾಲ್ಕನೇ ಭಾಗ, ಎನ್‌ಎಫ್‌ಪಿಎ 13 (ಅಮೆರಿಕದ ಸ್ಪ್ರಿಂಕ್ಲರ್ ಮಾನದಂಡ), ಇವುಗಳಲ್ಲಿ ಯಾವುದನ್ನು ಪಾಲಿಸ್ತೀರಿ ಅಂತ ಮೊದಲೇ ಬರೆದುಕೊಳ್ಳಿ. ಒಂದರಿಂದ ಅರ್ಧ, ಇನ್ನೊಂದರಿಂದ ಅರ್ಧ ತಗೊಳ್ಳಬೇಡಿ.

ಉತ್ತರ, ಮಂಡ್ಯ:
ನಾನು ಸೈಟಿನವನು. ಪೈಪ್ ಕಟ್ಟೋದನ್ನ, ಕಮಿಷನಿಂಗ್‌ನ (ಎಲ್ಲ ಜೋಡಿಸಿದ ಮೇಲೆ ಚಾಲೂ ಮಾಡಿ ಪರೀಕ್ಷಿಸೋದನ್ನ) ಮುಂದೆ ನಿಂತು ನೋಡಿದ್ದೀರಾ? ಡ್ರಾಯಿಂಗ್‌ನಲ್ಲಿ ಸ್ಪ್ರಿಂಕ್ಲರ್ ನೇರ ಸಾಲಿನಲ್ಲೇ ಇರುತ್ತೆ, ಅಲ್ಲಿಗೆ ಹೋದರೆ ಪಕ್ಕದಲ್ಲೇ ತೊಲೆ, ಕೆಳಗೆ ಡಕ್ಟ್, ನೀರು ಹರಡೋಕೆ ಜಾಗವೇ ಇಲ್ಲ. ಪಂಪೂ ಅಷ್ಟೇ. ನಿಗದಿಯ ಹರಿವಿನ 150 ಪರ್ಸೆಂಟ್‌ನಲ್ಲಿ ನಿಗದಿಯ ಹೆಡ್‌ನ (ನೀರು ತಳ್ಳೋ ಒತ್ತಡದ) ಕನಿಷ್ಠ 65 ಪರ್ಸೆಂಟ್ ಕೊಡಬೇಕು. ಡೀಸೆಲ್ ಪಂಪ್ ಚಾಲೂ ಆಗುತ್ತಾ ಅಂತ ಕರೆಂಟ್ ತೆಗೆಸಿ ನೋಡಬೇಕು. ಇದನ್ನ ಕಣ್ಣಾರೆ ನೋಡಿದವರ ಡ್ರಾಯಿಂಗೇ ಬೇರೆ ಥರ ಇರುತ್ತೆ.

ಕೇಳಿದವರು:
ಫೈರ್ ಇಲಾಖೆ ಕ್ಲಿಯರೆನ್ಸ್ ಕೊಟ್ಟ ಮೇಲೆ ಜವಾಬ್ದಾರಿ ಅವರದಲ್ವಾ?

ಉತ್ತರ, ಕುವೆಂಪುನಗರ:
ಖಂಡಿತ ಅಲ್ಲ. ಪ್ರತಿ ಪೈಪಿನ ಲೆಕ್ಕವನ್ನು ಅವರು ನಿಮ್ಮ ಪರವಾಗಿ ಮತ್ತೆ ಹಾಕೋದಿಲ್ಲ. ಬೆಂಕಿ ಬಿದ್ದ ದಿನ ಮೊದಲು ಕೇಳೋದು ಲೆಕ್ಕ ಮಾಡಿದ್ದು ಯಾರು ಅಂತ. ಒಳಗೆ ಪೆಟ್ಟಿಗೆ ಕಟ್ಟೋ ಹೆಂಗಸರು ಇಡೀ ದಿನ ಇರ್ತಾರೆ, ಅವರನ್ನ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿ.

ಈ ಕೆಲಸ ಬಿಡೋಕೆ ಮನಸ್ಸಿಲ್ಲ ಅಂದರೆ ಒಂದು ದಾರಿ ಇದೆ. ಅನುಭವಿ ಎಂಜಿನಿಯರ್ ಒಬ್ಬರಿಗೆ ಫೀಸ್ ಕೊಟ್ಟು ಲೆಕ್ಕ ಪೂರ್ತಿ ಪರಿಶೀಲಿಸಿ ಸಹಿ ಹಾಕಿಸಿ. ಪರಿಶೀಲನೆಯ ಖರ್ಚು ಕೊಟೇಶನ್‌ನಲ್ಲೇ ಸೇರಿಸಿ. ಸರಕು ಏನು, ಎಷ್ಟು ಎತ್ತರ, ನೀರು ಎಷ್ಟು ಅಂತ ಮೊದಲ ಹಾಳೆಯಲ್ಲೇ ಬರೆದು ಮಾಲೀಕರ ಸಹಿ ಪಡೆಯಿರಿ, ಮುಂದೆ ಅವರು ಸರಕು ಬದಲಿಸಿದರೆ ಡಿಸೈನ್ ಮತ್ತೆ ನೋಡಬೇಕು ಅಂತಲೂ ಸೇರಿಸಿ. ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಿ. ಇದಕ್ಕೆಲ್ಲ ಕಂಟ್ರಾಕ್ಟರ್ ಒಪ್ಪದಿದ್ದರೆ ಬಿಟ್ಟುಬಿಡಿ.

ಕೇಳಿದವರು:
ಸೀನಿಯರ್ ಹತ್ತಿರ ನಾಳೆ ಮಾತಾಡ್ತೀನಿ. ಮೊದಲು ಗೋದಾಮು ನೋಡಿ ಬರ್ತೀನಿ, ರ‍್ಯಾಕ್ ಎತ್ತರ ಇನ್ನೂ ಕೇಳೇ ಇಲ್ಲ.