ಅಪ್‌ಡೇಟ್: ಬೋರಿಂಗ್ ಯಂತ್ರದ ಓವರ್‌ಟೈಮ್ ಬಾಕಿ ಕೈಸೇರಿತು

ಪುಣೆಯ ಭೋಸರಿಯ ಕಾರ್ಖಾನೆಯಲ್ಲಿ ಬೋರಿಂಗ್ ಯಂತ್ರ (ಲೋಹದ ಭಾಗಗಳ ರಂಧ್ರ ಕೊರೆದು ಅಗಲಿಸುವ ಯಂತ್ರ) ನಡೆಸುವ ನನಗೆ ಗುತ್ತಿಗೆದಾರರು ಓವರ್‌ಟೈಮಿಗೂ ಸಾಮಾನ್ಯ ದರದ ಕೂಲಿಯನ್ನೇ ಕೊಡುತ್ತಿದ್ದಾರೆ, ಏನು ಮಾಡಲಿ ಎಂದು 2024ರ ಮೇ ತಿಂಗಳಲ್ಲಿ ಇಲ್ಲಿ ಸಲಹೆ ಕೇಳಿದ್ದೆ. ಮೂರು ವಾರಗಳ ನಂತರ ಫಲಿತಾಂಶ ತಿಳಿಸುತ್ತಿದ್ದೇನೆ.

ಕೈಹಿಡಿದದ್ದು, ದುಡಿದ ಗಂಟೆಗಳನ್ನು ದಿನವೂ ಬರೆದಿಟ್ಟು, ಹಾಜರಾತಿ ದಾಖಲೆಯೊಡನೆ ತಾಳೆ ನೋಡಿ, ಗುತ್ತಿಗೆದಾರರಿಗಷ್ಟೇ ಅಲ್ಲದೆ ಕಾರ್ಖಾನೆಯ ಆಡಳಿತಕ್ಕೂ ಲಿಖಿತ ಅರ್ಜಿ ಕೊಡಿ ಎಂದ ಹಿರಿಯರೊಬ್ಬರ ಸಲಹೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 59ನೆಯ ಕಲಮಿನಂತೆ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಸಲ್ಲಬೇಕಿತ್ತು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕರೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಾರ್ಖಾನೆಯವರೇ, ಕೊಡಬೇಕೆಂದು ಆಗಿನ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಆಡಳಿತದವರನ್ನು ಕದಲಿಸಿದ್ದು ಈ ಎರಡನೆಯ ಮಾತೇ ಎಂಬುದು ನನ್ನ ಅನಿಸಿಕೆ.

ನನಗೆ ಅಚ್ಚರಿಯಾದ ಸಂಗತಿಯೆಂದರೆ, ದುಪ್ಪಟ್ಟು ಲೆಕ್ಕಕ್ಕೆ ಮೂಲವೇತನವಷ್ಟೇ ಅಲ್ಲ, ಭತ್ಯೆಗಳೂ ಸೇರುತ್ತಿದ್ದವು. ಬೋನಸ್ ಮಾತ್ರ ಸೇರುತ್ತಿರಲಿಲ್ಲ. ವೇತನ ಚೀಟಿಯಲ್ಲಿ ‘ವಿಶೇಷ ಭತ್ತಾ’ ಎಂದು ಮರಾಠಿಯಲ್ಲಿದ್ದ ಸಾಲನ್ನು ನಾನು ಎರಡು ವರ್ಷ ಗಮನಿಸಿಯೇ ಇರಲಿಲ್ಲ.

ಐಟಿಐ ಪ್ರಮಾಣಪತ್ರ ತೋರಿಸಿ ಅರೆಕುಶಲ ದರ್ಜೆಯಿಂದ ಕುಶಲ ದರ್ಜೆಗೆ ಏರಿಸುವಂತೆ ಕೇಳಿ ಎಂಬ ಸಲಹೆ ಫಲಿಸಲಿಲ್ಲ. ‘ನೋಡೋಣ’ ಎಂಬ ಉತ್ತರವಷ್ಟೇ ಸಿಕ್ಕಿತು. ಮೂರು ತಿಂಗಳ ಓವರ್‌ಟೈಮ್ ಬಾಕಿ ಮಾತ್ರ ಈ ಸಲದ ಸಂಬಳದೊಂದಿಗೆ ಖಾತೆಗೆ ಜಮೆಯಾಗಿದೆ.