ಎಣ್ಣೆ ಹಚ್ಚಿದರೂ ಹೋಗದ ತಲೆಹೊಟ್ಟು: ಕಾರಣವೇನು, ಚಿಕಿತ್ಸೆ ಯಾವುದು?

ಪ್ರಶ್ನೆ (ಸಂಡೂರು ತಾಲ್ಲೂಕಿನಿಂದ):
ಮಾನ್ಯರೆ, ನಾನು ತೋರಣಗಲ್ಲು ಕಡೆಯ ಕಾರ್ಖಾನೆಯೊಂದರಲ್ಲಿ ದಿನವಿಡೀ ಹೆಲ್ಮೆಟ್ ಧರಿಸಿ ಕೆಲಸ ಮಾಡುತ್ತೇನೆ. ತಲೆಯಲ್ಲಿ ವಿಪರೀತ ತುರಿಕೆಯಿದ್ದು, ಬಾಚಿದಾಗ ಅಂಟಂಟಾದ ಹಳದಿ ಹೊಟ್ಟು ಉದುರುತ್ತದೆ. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲಿಯೂ ಸಿಪ್ಪೆ ಏಳುತ್ತಿದೆ. ಅದಿರಿನ ಕೆಂಪು ಧೂಳು ಮತ್ತು ಬೋರ್‌ವೆಲ್ಲಿನ ಗಡಸು ನೀರೇ ಕಾರಣವೆಂದು ಜೊತೆಗಾರರು ಹೇಳುತ್ತಾರೆ. ನೆತ್ತಿ ಒಣಗಿದೆ ಎಂದು ಅವ್ವ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ. ಔಷಧಿ ಅಂಗಡಿಯ ಶ್ಯಾಂಪೂವಿನಿಂದ ಕಡಿಮೆಯಾಗಿದ್ದ ಹೊಟ್ಟು, ಅದನ್ನು ನಿಲ್ಲಿಸಿದ ಮೇಲೆ ಮರಳಿದೆ. ಇದು ಪೂರ್ತಿ ವಾಸಿಯಾಗುವುದೆ?

ಉತ್ತರ (ರಾಯಚೂರಿನಿಂದ):
ತಾವು ಹೇಳಿದ ಲಕ್ಷಣಗಳು ಒಣ ನೆತ್ತಿಯವಲ್ಲ. ನೆತ್ತಿ ಒಣಗಿದ್ದರೆ ಸಣ್ಣ, ಬಿಳಿಯ, ಜಿಡ್ಡಿಲ್ಲದ ಪುಡಿ ಉದುರುತ್ತದೆ. ಹಳದಿ ಛಾಯೆಯ ಜಿಡ್ಡಿನ ಹೊಟ್ಟು ಹುಬ್ಬು, ಮೂಗಿನ ಬದಿ, ಕಿವಿಯ ಹಿಂಭಾಗಕ್ಕೂ ಹರಡಿದ್ದರೆ ವೈದ್ಯರು ಅದನ್ನು ಸೆಬೊರಿಕ್ ಡರ್ಮಟೈಟಿಸ್ ಎನ್ನುತ್ತಾರೆ. ತಲೆಹೊಟ್ಟು ಅದರದೇ ಸೌಮ್ಯ ರೂಪ. ಎಲ್ಲರ ಚರ್ಮದ ಮೇಲೂ ವಾಸಿಸುವ ಮಲಸೇಜಿಯಾ ಎಂಬ ಶಿಲೀಂಧ್ರವು ನೆತ್ತಿಯ ಜಿಡ್ಡನ್ನು ಒಡೆದು ಓಲಿಯಿಕ್ ಆಮ್ಲವೇ ಮೊದಲಾದ ಕೊಬ್ಬಿನ ಆಮ್ಲಗಳನ್ನು ಬಿಡುಗಡೆ ಮಾಡುತ್ತದೆ. ಅವನ್ನು ಸಹಿಸದ ಚರ್ಮವು ಉರಿಗೊಂಡು, ತನ್ನ ಜೀವಕೋಶಗಳನ್ನು ಅವಸರದಲ್ಲಿ ಕಳಚಿಹಾಕುತ್ತದೆ. ಅದೇ ಹೊಟ್ಟು. ಹೀಗಾಗಿ ರಾತ್ರಿಯಿಡೀ ನೆತ್ತಿಯಲ್ಲಿ ಉಳಿಯುವ ಎಣ್ಣೆಯು ಶಿಲೀಂಧ್ರಕ್ಕೆ ಆಹಾರವಾಗಬಲ್ಲುದೇ ಹೊರತು ಹೊಟ್ಟಿನ ಮೂಲವನ್ನು ತೆಗೆಯಲಾರದು. ತಲೆಗೆ ಎಣ್ಣೆಯೇ ಇಲ್ಲವೆಂದರೆ ಹಿರಿಯರಿಗೆ ಬೇಸರವಾಗಬಹುದು. ಕೂದಲಿನ ತುದಿಗಷ್ಟೇ ಸವರಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಧೂಳು ಮೂಲ ಕಾರಣವಲ್ಲ. ಹೆಲ್ಮೆಟ್ಟಿನೊಳಗಿನ ಶಾಖ ಮತ್ತು ಬೆವರು, ನಿದ್ರೆಗೇಡು, ಮಾನಸಿಕ ಒತ್ತಡಗಳು ಇದನ್ನು ಕೆರಳಿಸಬಹುದು. ಗಡಸು ನೀರಿನಲ್ಲಿ ಸೋಪು ಹಚ್ಚಿ ಮಿಂದರೆ ಬಿಳಿಯ ಗಸಿ ಕೂದಲಿಗೆ ಅಂಟಿಕೊಂಡು ಹೊಟ್ಟಿನಂತೆಯೇ ಕಾಣುವುದುಂಟು. ಆದ್ದರಿಂದ ಸೋಪಿಗಿಂತ ಶ್ಯಾಂಪೂ ಮೇಲು.

ಉತ್ತರ (ಗಂಗಾವತಿಯಿಂದ, ಔಷಧಿ ಅಂಗಡಿ ನಡೆಸುವವರು):
ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಶ್ಯಾಂಪೂ ಹಚ್ಚಿದ ಕೂಡಲೇ ತೊಳೆದುಬಿಟ್ಟು, ಔಷಧ ನಾಟಲಿಲ್ಲವೆಂದು ದೂರುತ್ತಾರೆ. ಶಿಲೀಂಧ್ರವನ್ನು ತಡೆಯುವ ಔಷಧವಾದ ಕೀಟೊಕೊನಜೋಲ್ ಶೇ. 2ರಷ್ಟಿರುವ ಶ್ಯಾಂಪೂವನ್ನು ಕೂದಲಿಗಲ್ಲದೆ ನೆತ್ತಿಗೆ ತಿಕ್ಕಿ, 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ವಾರಕ್ಕೆ ಎರಡು ಸಲದಂತೆ 2ರಿಂದ 4 ವಾರ ಬಳಸಿ, ಹತೋಟಿಗೆ ಬಂದ ಮೇಲೂ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮುಂದುವರಿಸುವುದು ರೂಢಿ. ಶಿಲೀಂಧ್ರವನ್ನು ಚರ್ಮದಿಂದ ಶಾಶ್ವತವಾಗಿ ಅಳಿಸಲಾಗದು. ಪೂರ್ತಿ ವಾಸಿಮಾಡುತ್ತೇವೆಂದು ಮಾರುವ ಎಣ್ಣೆಗಳನ್ನು ನಾನಂತೂ ನಂಬುವುದಿಲ್ಲ. ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಇರುವ ಶ್ಯಾಂಪೂಗಳೂ ಉಪಯುಕ್ತ. ಸ್ಟೀರಾಯ್ಡ್ ಲೋಷನ್ ಮಾತ್ರ ವೈದ್ಯರ ಚೀಟಿಯಿಲ್ಲದೆ ಬೇಡ, ಮುಖಕ್ಕಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಿಂಬೆರಸ ಹಚ್ಚಬಹುದೆ? ಮೂರನೇ ತರಗತಿಯಲ್ಲಿರುವ ನನ್ನ ತಂಗಿಯ ಮಗನ ತಲೆಯಲ್ಲಿಯೂ ಹೊಟ್ಟು ಕಾಣಿಸಿದೆ, ಒಂದೆಡೆ ಕೂದಲೂ ಉದುರಿದೆ.

ಉತ್ತರ (ರಾಯಚೂರಿನಿಂದ):
ನಿಂಬೆರಸವು ಕೆರೆದ ಚರ್ಮವನ್ನು ಉರಿಸುತ್ತದೆ. ಅದು ತಾಗಿದ ಚರ್ಮಕ್ಕೆ ನಮ್ಮ ಕಡೆಯ ಬಿಸಿಲು ಬಿದ್ದರೆ ಸುಟ್ಟಂತಹ ಕಲೆಗಳೂ ಆಗಬಹುದು. ಮಗುವಿನ ವಿಷಯ ಬೇರೆ. ಆ ವಯಸ್ಸಿನಲ್ಲಿ ಹೊಟ್ಟಿನೊಂದಿಗೆ ಬಿಲ್ಲೆಯಾಕಾರದಲ್ಲಿ ಕೂದಲು ಉದುರಿದರೆ ಅದು ಹುಳುಕಡ್ಡಿಯಾಗಿರಬಹುದು; ಅದಕ್ಕೆ ಶ್ಯಾಂಪೂ ಸಾಲದು, ವೈದ್ಯರು ಕೊಡುವ ಮಾತ್ರೆಗಳನ್ನು ಕೆಲವು ವಾರ ನುಂಗಬೇಕಾಗುತ್ತದೆ. ಅದು ಅಂಟುರೋಗವಾದ್ದರಿಂದ ಅವನ ಬಾಚಣಿಗೆ, ಟವೆಲುಗಳನ್ನು ಬೇರೆಯಿಟ್ಟು, ತಡಮಾಡದೆ ಚರ್ಮರೋಗ ತಜ್ಞರಿಗೆ ತೋರಿಸಿರಿ.